ರಾಷ್ಟ್ರಪತಿಯ ಅಂಕಿತ

ಭಾರತದ ರಾಜ್ಯಾಂಗವನ್ನು ಮೊದಲ ಬಾರಿಗೆ ತೆರೆದು ನೋಡಿದವರಿಗೆ ರಾಷ್ಟ್ರಪತಿಗಿಂತ ಬಲಶಾಲಿಗಳು ದೇಶದಲ್ಲಿ ಬೇರೊಬ್ಬರಿಲ್ಲವೆಂದೇ ತೋರುವುದು. ಕೇಂದ್ರದ ಆಡಳಿತಾಧಿಕಾರವೆಲ್ಲ ಆ ಪದವಿಗೆ ಸೇರಿದ್ದು. ಮೂರು ಸೇನೆಗಳ ಪರಮಾಧಿಪತ್ಯವೂ ಅದರದೇ. ಪ್ರಧಾನಮಂತ್ರಿಯನ್ನು ನೇಮಿಸುವವರು ರಾಷ್ಟ್ರಪತಿ. ಮರಣದಂಡನೆಗೆ ಗುರಿಯಾದವನಿಗೆ ಜೀವದಾನ ಮಾಡಬಲ್ಲವರೂ ಅವರೇ. ಆದರೆ 74ನೆಯ ಅನುಚ್ಛೇದವನ್ನು ಓದಿದೊಡನೆ ಚಿತ್ರ ಬದಲಾಗುತ್ತದೆ. ಈ ಅಧಿಕಾರಗಳನ್ನು ಮಂತ್ರಿಮಂಡಲದ ಸಲಹೆಯಂತೆ ನಡೆಸಬೇಕು. ಹಾಗಾದರೆ ರಾಷ್ಟ್ರಪತಿ ಬರಿಯ ಉತ್ಸವಮೂರ್ತಿಯೇ?

ಸಂದೇಹ ಹೊಸದಲ್ಲ. ಪ್ರಥಮ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರೇ 1960ರ ನವೆಂಬರಿನಲ್ಲಿ ದೆಹಲಿಯ ನ್ಯಾಯಶಾಸ್ತ್ರಜ್ಞರ ಮುಂದೆ, ಈ ಪದವಿಯ ಅಧಿಕಾರಗಳು ಇಂಗ್ಲೆಂಡಿನ ಅರಸೊತ್ತಿಗೆಯ ಅಧಿಕಾರಗಳಿಗೆ ಎಷ್ಟರಮಟ್ಟಿಗೆ ಸಮಾನವೆಂಬುದನ್ನು ಪರಿಶೀಲಿಸಬೇಕೆಂದು ಸೂಚಿಸಿದ್ದರು.

ಉತ್ತರವನ್ನು ಕಲಿಸಿದುದು ಗ್ರಂಥವಲ್ಲ, ಅನುಭವ. 1975ರ ಜೂನ್ 25ರ ರಾತ್ರಿ, ಮಂತ್ರಿಮಂಡಲ ಸಭೆ ಸೇರುವ ಮೊದಲೇ, ಪ್ರಧಾನಮಂತ್ರಿಯ ಸಲಹೆಯೊಂದರ ಮೇಲೆಯೇ ಫಕ್ರುದ್ದೀನ್ ಅಲಿ ಅಹ್ಮದರು ತುರ್ತುಪರಿಸ್ಥಿತಿಯ ಘೋಷಣೆಗೆ ಅಂಕಿತ ಹಾಕಿದರು. ಮಂತ್ರಿಗಳು ಅದನ್ನು ಒಪ್ಪಿದುದು ಮರುದಿನ ಬೆಳಗ್ಗೆ. ಬಳಿಕ ಬಂದ 1976ರ 42ನೆಯ ತಿದ್ದುಪಡಿ, ರಾಷ್ಟ್ರಪತಿ ಸಲಹೆಯಂತೆಯೇ ನಡೆಯತಕ್ಕದ್ದೆಂದು ಸ್ಪಷ್ಟವಾಗಿ ಬರೆದುಬಿಟ್ಟಿತು.

ಆ ಕಟ್ಟಿನ ಬಿಗಿಯನ್ನು ಮೊದಲು ಅನುಭವಿಸಿದವರು ಕನ್ನಡಿಗರೊಬ್ಬರು. ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು, 1977ರ ಫೆಬ್ರವರಿಯಲ್ಲಿ ಅಹ್ಮದರು ನಿಧನರಾದಾಗ, ಹಂಗಾಮಿ ರಾಷ್ಟ್ರಪತಿಗಳಾದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರ್ಕಾರ ಸಲಹೆಯಿತ್ತಿತು. ಅದರ ವಿರುದ್ಧ ರಾಜ್ಯಗಳು ಹೂಡಿದ್ದ ದಾವೆಗಳನ್ನು ಸುಪ್ರೀಂ ಕೋರ್ಟು ಏಪ್ರಿಲ್ 29ರಂದು ತಳ್ಳಿಹಾಕಿತು. ಆದರೂ ಜತ್ತಿಯವರು ಒಡನೆಯೇ ಅಂಕಿತ ಹಾಕಲಿಲ್ಲ. ರಾಜ್ಯಾಂಗದ ಬಿಕ್ಕಟ್ಟೆಂಬ ಕೂಗೆದ್ದಿತು. ಮರುದಿನ, 30ರಂದು, ಅಂಕಿತ ಬಿತ್ತು. ಅನುಮಾನವಿದ್ದರೂ ಅದನ್ನು ತಿಳಿಸಿ ಕಾಗದವನ್ನು ಹಿಂದಿರುಗಿಸಲು ಅಂದಿನ ಕಾನೂನಿನಲ್ಲಿ ದಾರಿಯಿರಲಿಲ್ಲ.

ಆ ದಾರಿಯನ್ನು ತೆರೆದುದು 1978ರ 44ನೆಯ ತಿದ್ದುಪಡಿ. ಸಲಹೆಯನ್ನು ಮರುವಿಚಾರ ಮಾಡಿರೆಂದು ರಾಷ್ಟ್ರಪತಿ ಒಮ್ಮೆ ಕೇಳಬಹುದು. ಅದೇ ಸಲಹೆ ಮರಳಿ ಬಂದರೆ ಒಪ್ಪಲೇಬೇಕು. ತುರ್ತುಪರಿಸ್ಥಿತಿಯ ಘೋಷಣೆಗಂತೂ ಮಂತ್ರಿಮಂಡಲದ ತೀರ್ಮಾನ ಲಿಖಿತರೂಪದಲ್ಲಿಯೇ ಬರಬೇಕು.

ಒಮ್ಮೆ ಕೇಳುವ ಹಕ್ಕು ಅಲ್ಪವೆಂದು ತೋರಬಹುದು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಡಳಿತ ಹೇರುವ ಸಲಹೆಯನ್ನು ಕೆ. ಆರ್. ನಾರಾಯಣನ್ ಹಿಂದಿರುಗಿಸಿದರು, ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. ಮಸೂದೆಗಳ ವಿಷಯದಲ್ಲಿ ಇಂಥ ಹಕ್ಕು ಮೊದಲಿನಿಂದಲೂ ಇದ್ದಿತು. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಬ್ದುಲ್ ಕಲಾಮರು ಹಿಂದಿರುಗಿಸಿದರು. ಪಾರ್ಲಿಮೆಂಟು ಅದನ್ನು ಬದಲಿಸದೆ ಮತ್ತೆ ಕಳುಹಿಸಿತು. ಕಲಾಮರು ಅಂಕಿತ ಹಾಕಿದರು. ಒಂದು ಕಡೆ ಪ್ರಶ್ನೆ ಗೆದ್ದಿತು, ಇನ್ನೊಂದು ಕಡೆ ಸೋತಿತು. ಎರಡೂ ಕಡೆ ಜನರ ಕಣ್ಣೆದುರಿನಲ್ಲಿ ಸರ್ಕಾರ ಇನ್ನೊಮ್ಮೆ ಯೋಚಿಸಬೇಕಾಯಿತು.

ಚುನಾಯಿತ ಸರ್ಕಾರವನ್ನು ಮೀರಿ ಆಳುವ ಅಧಿಕಾರ ರಾಷ್ಟ್ರಪತಿಗಿಲ್ಲ, ಇರಲೂಬಾರದು. ಅವರಿಗಿರುವುದು ಅವಸರಕ್ಕೆ ಒಂದು ತಡೆಯೊಡ್ಡುವ ಅಧಿಕಾರ. 1975ರಲ್ಲಿ ಆ ತಡೆಯಿಲ್ಲದೆ ಬಿದ್ದ ಒಂದು ಅಂಕಿತದ ಬೆಲೆಯನ್ನು ದೇಶ ಇಪ್ಪತ್ತೊಂದು ತಿಂಗಳು ತೆತ್ತಿತು.