ಗೃಹಧರ್ಮ: ಟೀ ಪುಡಿಯ ಜೋಪಾನ

ಮನೆಗೆ ಬಂದವರಿಗೆ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ಕೊಟ್ಟು ಉಪಚರಿಸುವುದು ಮಂಡ್ಯ ಸೀಮೆಯ ಹಳೆಯ ರೂಢಿ. ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಕಾಫಿ, ಟೀಗಳು ಆಕ್ರಮಿಸಿವೆ. ಜಂಗಮಮೂರ್ತಿಗಳು ದಯಮಾಡಿಸಿದಾಗ, ಬೀಗರು ಬಂದಾಗ, ಗದ್ದೆಯ ಕೆಲಸ ಮುಗಿಸಿ ಆಳುಗಳು ಹಿಂದಿರುಗಿದಾಗ ಒಲೆಯ ಮೇಲೆ ಮೊದಲು ಏರುವುದು ಟೀ ಪಾತ್ರೆಯೇ. ಆದರೆ ತಂದ ದಿನ ಘಮಘಮಿಸಿದ ಪುಡಿ ತಿಂಗಳೊಪ್ಪತ್ತಿನಲ್ಲಿ ಸಪ್ಪೆಯಾಗುತ್ತದೆ. ಆಗ ಒಂದು ಚಮಚೆಯ ಬದಲು ಎರಡು ಚಮಚೆ ಹಾಕಿ ಹೆಚ್ಚು ಹೊತ್ತು ಕುದಿಸುತ್ತೇವೆ. ಕಹಿ ಹೆಚ್ಚುವುದೇ ಹೊರತು ಹೋದ ಪರಿಮಳ ಮರಳಿ ಬಾರದು. ಖರ್ಚು ಮಾತ್ರ ಇಮ್ಮಡಿಯಾಗುತ್ತದೆ.

ಇದಕ್ಕೆ ಕಾರಣವನ್ನು ಟೀ ಪುಡಿಯ ಸ್ವಭಾವದಲ್ಲಿಯೇ ಕಾಣಬೇಕು. ನಮಗೆ ಸಮೀಪದ ನೀಲಗಿರಿಯ ಕೂನೂರು, ಕೋತಗಿರಿಗಳಲ್ಲಿ, ನಮ್ಮದೇ ರಾಜ್ಯದ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಟೀ ತೋಟಗಳಿವೆ. ಕೊಯ್ದ ಚಿಗುರನ್ನು ಬಾಡಿಸಿ, ಯಂತ್ರದಲ್ಲಿ ಅರೆದು, ಗಾಳಿಗೆ ಹರಡಿ ಬಣ್ಣ ತಿರುಗಿಸಿ, ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿದ ಮೇಲೆ ಅದರಲ್ಲಿ ಉಳಿಯುವ ನೀರಿನ ಅಂಶ ನೂರಕ್ಕೆ ಸುಮಾರು 3 ಭಾಗ ಮಾತ್ರ. ಇಷ್ಟು ಒಣಗಿದ ವಸ್ತು ಸುತ್ತಲಿನ ತೇವವನ್ನೂ ವಾಸನೆಯನ್ನೂ ಹತ್ತಿಯಂತೆ ಹೀರುತ್ತದೆ. ಮಲ್ಲಿಗೆಯ ಟೀ ತಯಾರಿಸುವವರು ಎಲೆಯ ಜೊತೆ ಹೂವನ್ನಿಟ್ಟು ಪರಿಮಳ ಹಿಡಿಸುವುದು ಈ ಗುಣದಿಂದಲೇ. ಅದೇ ಪುಡಿ ಇಂಗಿನ ಪಕ್ಕದಲ್ಲಿದ್ದರೆ ಇಂಗನ್ನು, ಸಾಬೂನಿನ ಪಕ್ಕದಲ್ಲಿದ್ದರೆ ಸಾಬೂನನ್ನು ಹೀರುತ್ತದೆ. ನಮ್ಮ ಕಡೆ ಹೆಚ್ಚಾಗಿ ಬಳಸುವ ನುಣ್ಣನೆಯ ಪುಡಿಯಾದರೋ ದಪ್ಪ ಎಲೆಗಿಂತ ಬೇಗ ಗಾಳಿಗೆ ತೆರೆದುಕೊಂಡು ಸಾರ ಕಳೆದುಕೊಳ್ಳುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳು ವಿಶ್ವೇಶ್ವರಯ್ಯ ನಾಲೆಯ ನೀರುಂಡ ತಾಲ್ಲೂಕುಗಳು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಅಡುಗೆಮನೆಯ ಗೋಡೆಗಳು ತೇವ ಹಿಡಿಯುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದೇ ಅಡುಗೆಮನೆ ಕಾದ ಬಾಣಲೆಯಾಗುತ್ತದೆ. ಆದ್ದರಿಂದ ಟೀ ಡಬ್ಬಿಯನ್ನು ಒಲೆಯ ಮೇಲಿನ ಗೂಡಿನಲ್ಲಾಗಲೀ ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಾಗಲೀ ತೇವದ ಗೋಡೆಗೆ ತಾಗಿಸಿಯಾಗಲೀ ಇಡಬಾರದು. ಬಾಗಿಲುಳ್ಳ ಬೀರುವಿನ ತಂಪಾದ, ಒಣಗಿದ ಅಂಕಣವೇ ಲೇಸು. ಕರ್ಪೂರ, ಊದುಬತ್ತಿ, ಲೋಬಾನಗಳಿರುವ ಪೂಜೆಯ ಗೂಡಿನಿಂದಲೂ ಅದು ದೂರವಿರಲಿ.

ಪಾತ್ರೆಯ ವಿಷಯದಲ್ಲಿ ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿ ಉತ್ತಮ. ಗಾಜಿನ ಭರಣಿ ನೋಡಲು ಚೆಂದ. ಬೆಳಕು ಬಿದ್ದರೆ ಪುಡಿ ಕೆಡುವುದರಿಂದ ಅದನ್ನು ಬೀರುವಿನ ಒಳಗೇ ಇಡಬೇಕು. ಉಪ್ಪಿನಕಾಯಿ, ಸಾರಿನ ಪುಡಿ ಇದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗದು, ಅದು ಬೇಡ. ಕುದಿಯುವ ಪಾತ್ರೆಯ ಮೇಲೆ ಡಬ್ಬಿಯನ್ನು ಹಿಡಿದು ಪುಡಿ ಸುರಿಯುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಹಬೆಯೆಲ್ಲ ಒಳಗೆ ಸೇರುತ್ತದೆ. ಒದ್ದೆ ಚಮಚೆಯನ್ನು ಅದ್ದುವುದಂತೂ ಸಲ್ಲದು. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ತಣ್ಣಗಿನ ಪುಡಿಯ ಮೇಲೆ ನೀರಿನ ಹನಿಗಟ್ಟುವುದರಿಂದ ಅದೂ ಬೇಕಿಲ್ಲ.

ಒಂದು ಲೋಟಕ್ಕೆ ಸುಮಾರು 2 ಗ್ರಾಂ ಪುಡಿ ಎಂದಿಟ್ಟುಕೊಂಡರೆ, ಐದು ಜನರ ಮನೆಯಲ್ಲಿ ದಿನಕ್ಕೆರಡು ಬಾರಿಯಂತೆ 20 ಗ್ರಾಂ, ತಿಂಗಳಿಗೆ 600 ಗ್ರಾಂ ಆಯಿತು. ಬೆಲೆ ಅಗ್ಗವೆಂದು ಎರಡು, ಮೂರು ಕಿಲೋ ತಂದಿಟ್ಟು ಕೆಡಿಸುವುದಕ್ಕಿಂತ ತಿಂಗಳಿಗೆ ಬೇಕಾದಷ್ಟನ್ನೇ ತರುವುದು ಜಾಣತನ. ಹೆಚ್ಚು ತಂದರೆ ಎರಡು ಡಬ್ಬಿ ಮಾಡಿ: ವಾರಕ್ಕೆ ಸಾಲುವಷ್ಟು ಚಿಕ್ಕದರಲ್ಲಿ, ಉಳಿದದ್ದು ದೊಡ್ಡದರಲ್ಲಿ. ದೊಡ್ಡ ಡಬ್ಬಿಗೆ ವಾರಕ್ಕೊಮ್ಮೆ ಮಾತ್ರ ಗಾಳಿ ತಾಗುತ್ತದೆ. ಹಳೆಯದು ಮುಗಿಯುವವರೆಗೆ ಹೊಸದನ್ನು ಬೆರೆಸದಿರಿ.

ನಮ್ಮ ಜಿಲ್ಲೆ ಆಲೆಮನೆಗಳ ನಾಡಾದ್ದರಿಂದ ಬೆಲ್ಲದ ಟೀಯೂ ಉಂಟು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ. ಅದರ ಪಕ್ಕದಲ್ಲಿ ಟೀ ಪುಡಿ ಇರಿಸಿದರೆ ಎರಡೂ ಕೆಡುತ್ತವೆ. ಟೀಗೆ ಬೆಲ್ಲ ಹಾಕುವವರು ಹಾಲಿನೊಡನೆ ಕುದಿಸದೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸಿದರೆ ಹಾಲು ಒಡೆಯುವ ಭಯ ಕಡಿಮೆ.

ಈ ಮಾತು ಮನೆಗೆ ಮಾತ್ರ ಸೀಮಿತವಲ್ಲ. ಶಿವರಾತ್ರಿ, ದೀಪಾವಳಿಗಳ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಮ್ಮ ಸೀಮೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ತೆರಳುತ್ತಾರೆ. ದಾರಿಯಲ್ಲಿ ಅವರಿಗೆ ಅನ್ನ, ಮಜ್ಜಿಗೆ, ಟೀ ನೀಡಿ ಸತ್ಕರಿಸುವ ಪುಣ್ಯವಂತರಿದ್ದಾರೆ. ಇಂಥ ದಾಸೋಹಕ್ಕೆ ತಂದು ಉಳಿದ ಪುಡಿಯನ್ನು ಚೀಲದ ಬಾಯಿ ಬಿಚ್ಚಿದಂತೆಯೇ ಉಗ್ರಾಣದಲ್ಲಿ ಬಿಟ್ಟರೆ ಮುಂದಿನ ಸೇವೆಗೆ ಅದು ಒದಗದು. ಅದು ಭಕ್ತರು ಬೆವರು ಸುರಿಸಿ ಕೊಟ್ಟ ಕಾಣಿಕೆ. ಸೇವೆ ಮುಗಿದ ದಿನವೇ ಉಳಿದದ್ದನ್ನು ಡಬ್ಬಿಗೆ ತುಂಬಿ, ದಿನಾಂಕ ಬರೆದಿಡಬೇಕು. ಇಲ್ಲವೇ ಬೇಕಾದವರಿಗೆ ಹಂಚಿಬಿಡಬೇಕು.

ಬಿಡಿಯಾಗಿ ಕೊಂಡ ಪುಡಿಯನ್ನು ಒಮ್ಮೆ ಪರೀಕ್ಷಿಸುವುದೂ ಒಳ್ಳೆಯದು. ಸೋಸುವ ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ ನೀರು ಚಿಮುಕಿಸಿ, ಬಳಿಕ ಪುಡಿಯನ್ನು ತೆಗೆದು ಕಾಗದವನ್ನು ತೊಳೆಯಿರಿ. ಗಾಢವಾದ ಕಂದುಗಪ್ಪು ಕಲೆ ಉಳಿದರೆ ಬಣ್ಣ ಬೆರೆತಿದೆಯೆಂಬ ಸಂಶಯಕ್ಕೆ ಎಡೆಯುಂಟು. ಮುಗ್ಗಲು ವಾಸನೆ ಬಂದ, ಬೂಷ್ಟು ಹಿಡಿದ ಪುಡಿಯನ್ನು ಬಿಸಿಲಿಗೆ ಹಾಕಿ ಬಳಸುವುದು ತಪ್ಪು. ಬಿಸಿಲು ಇದ್ದ ಪರಿಮಳವನ್ನೂ ಕಳೆಯುತ್ತದೆ, ಬೂಷ್ಟಿನ ವಿಷವನ್ನು ಕಳೆಯುವುದಿಲ್ಲ. ಅಂಥದ್ದನ್ನು ಎಸೆಯಲೇಬೇಕು. ಬೂಷ್ಟಿಲ್ಲದೆ ಕೇವಲ ಸಪ್ಪೆಯಾದದ್ದು ಗಿಡಗಳ ಗೊಬ್ಬರಕ್ಕಾದೀತು.

ಚಳಿ ಮಳೆಯೆನ್ನದೆ ಬೆಟ್ಟದ ಇಳಿಜಾರಿನಲ್ಲಿ ನಿಂತು ಚಿಗುರು ಬಿಡಿಸುವ ತಾಯಂದಿರ ಕಾಯಕ ನಮ್ಮ ಡಬ್ಬಿಯಲ್ಲಿದೆ. ಕಾಯಕವನ್ನು ಪೂಜ್ಯವೆಂದು ನಂಬಿದ ನಮ್ಮ ಮನೆಗಳಲ್ಲಿ ಒಂದು ಚಮಚೆಯಷ್ಟು ಪುಡಿಯೂ ವ್ಯರ್ಥವಾಗದಿರಲಿ.