ಸಲಾಮಿಸಿನಲ್ಲಿ ಏನೂ ಇಲ್ಲವೆ?

ಬೇಸಗೆಯ ರಜೆಗೆ ಗ್ರೀಸ್ ದೇಶದ ದ್ವೀಪವೊಂದಕ್ಕೆ ಹೋಗಬೇಕೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ನಿಶ್ಚಯಿಸಿದವನು ಕೃಷ್ಣರಾಜಪುರದಲ್ಲಿರುವ ನನ್ನ ಭಾವಮೈದುನ. ಅನುಮೋದಿಸಿದವಳು ಅವನ ಅಕ್ಕ. ಹಣ ಹೊಂದಿಸಬೇಕಾದವನು ಕನ್ನಡ ಅಧ್ಯಾಪಕನಾದ ನಾನು. ಹೋದ ಭಾನುವಾರ ಹಲಸೂರಿನ ನಮ್ಮ ಮನೆಯಿಂದ ಎಲ್ಲರೂ ಹೊರಟು ಇಂದಿರಾನಗರದ ಪ್ರವಾಸದ ಕಚೇರಿಯೊಂದಕ್ಕೆ ಹೋದೆವು. ಅಲ್ಲಿನ ತರುಣ, ನಾವು ಬಾಯಿ ತೆರೆಯುವ ಮೊದಲೇ ಸಾಂಟೊರಿನಿ ದ್ವೀಪದ ಪಟಗಳನ್ನು ಮುಂದಿಟ್ಟ. ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟ, ಕೆಳಗೆ ಕಡಲು. "ಸಲಾಮಿಸ್ ದ್ವೀಪಕ್ಕೆ ಏನು ಏರ್ಪಾಟು?" ಎಂದು ನಾನು ಕೇಳಿದೆ. ಆತ ಕಂಪ್ಯೂಟರಿನಲ್ಲಿ ಹುಡುಕಿ, "ಅಲ್ಲಿಗೆ ಯಾರೂ ಹೋಗಲ್ಲ ಸಾರ್, ಅಲ್ಲೇನೂ ಇಲ್ಲ" ಎಂದ.

ಆ "ಏನೂ ಇಲ್ಲ" ಎಂಬ ಮಾತಿನ ಮೇಲೆಯೇ ನನ್ನ ತಕರಾರು.

1929ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' ಪ್ರಕಟವಾಯಿತು. ಸೊಫೋಕ್ಲಿಸನ 'ಏಜಾಕ್ಸ್' ಎಂಬ ರುದ್ರನಾಟಕವನ್ನು ಅವರು ಭಾರತದ ಕಥೆಗೆ ಹೊಂದಿಸಿ ತಂದರು. ಆ ಏಜಾಕ್ಸ್ ಎಂಬ ವೀರನ ನಾಡು ಸಲಾಮಿಸ್. ಗ್ರೀಕ್ ನಾಟಕದ ಮೇಳದವರು ಅವನೊಡನೆ ಬಂದ ಸಲಾಮಿಸಿನ ನಾವಿಕರು. ಕತ್ತಿಯ ಮೇಲೆ ಬೀಳುವ ಮುನ್ನ ಅವನು ನೆನೆದು ಬೀಳ್ಕೊಳ್ಳುವುದೂ ಆ ನೆಲವನ್ನೇ. 1935ರಲ್ಲಿ ಶ್ರೀಯವರು ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಅದರ ವಸ್ತು, ಕ್ರಿಸ್ತಪೂರ್ವ 480ರಲ್ಲಿ ಸಲಾಮಿಸಿನ ಇಕ್ಕಟ್ಟಾದ ಜಲಸಂಧಿಯಲ್ಲಿ ಪರ್ಷಿಯದ ನೌಕಾಬಲ ಮುರಿದುಬಿದ್ದದ್ದು. ಗೆದ್ದವರ ಕವಿ, ಎಂಟು ವರ್ಷಗಳಲ್ಲೇ, ಸೋತವರ ರಾಜಧಾನಿಯಲ್ಲಿ ತನ್ನ ನಾಟಕವನ್ನು ಹೂಡಿದ. ಸೋತ ದೊರೆಯ ತಾಯಿಯ ಸಂಕಟವನ್ನು, ಮುದಿ ಮಂತ್ರಿಗಳ ಗೋಳನ್ನು ನುಡಿಸಿದ. ಗೆದ್ದ ಅಥೆನ್ಸಿನ ಜನ ಕುಳಿತು ಅದನ್ನು ಕೇಳಿದರು. ಯುದ್ಧದ ಸುದ್ದಿಯನ್ನು ಕ್ರಿಕೆಟ್ಟಿನ ಸ್ಕೋರಿನಂತೆ ಓದುವ ನಮಗೆ ಆ ಕಡಲಿನ ದಂಡೆಯಲ್ಲಿ ಒಂದು ಗಳಿಗೆ ನಿಲ್ಲುವುದು ಬೇಡವೆ? ಇನ್ನು ಯೂರಿಪಿಡಿಸನು ಕುಳಿತು ನಾಟಕ ಬರೆಯುತ್ತಿದ್ದನೆಂದು ಹಳಬರು ಹೇಳಿದ ಗವಿಯೂ ಅದೇ ದ್ವೀಪದಲ್ಲಿದೆ. 1990ರ ದಶಕದಲ್ಲಿ ಅಲ್ಲಿ ಅಗೆದವರಿಗೆ ಅವನ ಹೆಸರಿನ ಅಕ್ಷರಗಳುಳ್ಳ ಪಾತ್ರೆಯೊಂದು ಸಿಕ್ಕಿತು. ಮೂವರು ಮಹಾಕವಿಗಳು ಕೂಡುವ ಜಾಗದಲ್ಲಿ "ಏನೂ ಇಲ್ಲ"ವಂತೆ!

ಸಾಂಟೊರಿನಿ ಸುಂದರವಲ್ಲವೆಂದು ನಾನು ಹೇಳುವುದಿಲ್ಲ. ಜ್ವಾಲಾಮುಖಿ ಸಿಡಿದು ಉಳಿದ ಅಂಚಿನ ಮೇಲೆ ಮನೆ ಕಟ್ಟಿದವರ ಧೈರ್ಯ ದೊಡ್ಡದು. ಆದರೆ ಸುಮಾರು 15,000 ಜನರ ಆ ದ್ವೀಪಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗಳು ನುಗ್ಗುತ್ತಾರೆ. ನೂಕುನುಗ್ಗಲು ತಾಳಲಾರದೆ 2025ರಲ್ಲಿ ಗ್ರೀಕ್ ಸರ್ಕಾರವು ಹಡಗಿನಲ್ಲಿ ಬಂದಿಳಿಯುವವರ ಮೇಲೆ ತಲೆಗಂದಾಯವನ್ನೇ ಹಾಕಿತು. ಹತ್ತು ಜನ ತೆಗೆದ ಪಟವನ್ನು ಹನ್ನೊಂದನೆಯವರಾಗಿ ತೆಗೆಯಲು, ತಲೆಗೆ 90 ಯೂರೊ ವೀಸಾ ಶುಲ್ಕ ತೆತ್ತು, ಸಾಲ ಮಾಡಿ ಹೋಗಬೇಕೆ?

ಇನ್ನೊಂದು ಕಡೆಯಿಂದಲೂ ಪೆಟ್ಟು ಬಿತ್ತು. ನನ್ನ ಸಹೋದ್ಯೋಗಿಯೊಬ್ಬರು, "ಕನ್ನಡ ಮೇಷ್ಟ್ರಿಗೆ ಗ್ರೀಸ್ ಯಾಕ್ರೀ? ಮಲ್ಪೆಗೆ ಹೋಗಿ, ಸೇಂಟ್ ಮೇರೀಸ್ ದ್ವೀಪ ನೋಡ್ಕೊಂಡು ಬನ್ನಿ" ಎಂದರು. ಮಲ್ಪೆಯ ದ್ವೀಪ ಚೆಲುವಾದದ್ದೇ. ಎರಡು ಸಲ ನೋಡಿದ್ದೇನೆ. ಆದರೆ ಅವರ ಮಾತಿನಲ್ಲಿದ್ದುದು ಕನ್ನಡ ಓದಿದವನ ಲೋಕ ಇಷ್ಟೇ ಎಂಬ ತೀರ್ಪು. ದಂಡಿನ ಕಡೆಯವರಾದ ನಮ್ಮಲ್ಲಿ ಈ ತೀರ್ಪು ಬಹಳ ಬೇರುಬಿಟ್ಟಿದೆ: ಕನ್ನಡವೇನಿದ್ದರೂ ಅಡುಗೆಮನೆಗೆ, ಹಾಲಿನವನಿಗೆ, ಲೋಕವೆಲ್ಲ ಇಂಗ್ಲಿಷಿನ ಬಾಗಿಲಿನಿಂದಲೇ ಬರಬೇಕು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶ್ರೀಯವರೇ ಈ ತೀರ್ಪನ್ನು ಒಪ್ಪಲಿಲ್ಲ. ಗ್ರೀಸಿಗೆ ಹೋಗುವ ಬಾಗಿಲನ್ನು ಅವರು ಕನ್ನಡದಲ್ಲೇ ತೆರೆದಿಟ್ಟರು.

ಆ ಬಾಗಿಲನ್ನು ಮುಚ್ಚಿದವರು ನಾವು, ಕನ್ನಡದ ಅಧ್ಯಾಪಕರು. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೆಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ವಿದ್ವಾಂಸರಲ್ಲಿ ಒಮ್ಮತವಿಲ್ಲದ ಆ ಸಂಗತಿಗೆ ಚಪ್ಪಾಳೆ. ನಿಸ್ಸಂಶಯವಾಗಿ ನಮ್ಮವಾದ ಎರಡು ನಾಟಕಗಳಿಗೆ ಧೂಳು. ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಹದಿನೆಂಟು ವರ್ಷ 'ಅಶ್ವತ್ಥಾಮನ್' ಕುರಿತು ಟಿಪ್ಪಣಿ ಬರೆಸಿದ್ದೇನೆ. ಕಳೆದ ತಿಂಗಳು ಮಗ ಭೂಪಟ ತೆರೆದು, "ಅಪ್ಪ, ಆ ಏಜಾಕ್ಸನ ಊರು ಎಲ್ಲಿದೆ, ತೋರಿಸಿ" ಎಂದಾಗ ನನ್ನ ಬೆರಳು ಕಡಲೆಲ್ಲ ಅಲೆಯಿತು. ತೋರಿಸಿದವನು ಅವನೇ. ಸಲಾಮಿಸ್ ಅಥೆನ್ಸಿನ ಮಗ್ಗುಲಲ್ಲೇ ಇದೆ. ಪೆರಾಮ ಎಂಬ ರೇವಿನಿಂದ ದೋಣಿಯಲ್ಲಿ ಕಾಲು ಗಂಟೆ. ಸಂಜೆಯ ಹೊತ್ತು ಶಿವಾಜಿನಗರದಿಂದ ಇಂದಿರಾನಗರಕ್ಕೆ ಬಸ್ಸಿನಲ್ಲಿ ಬರಲು ಅದಕ್ಕಿಂತ ಹೆಚ್ಚು ಬೇಕು.

ಅಲ್ಲಿ ನೀಲಿ ಗುಮ್ಮಟಗಳ ಸಾಲಿಲ್ಲ, ನಿಜ. ನೌಕಾಪಡೆಯ ನೆಲೆಯಿದೆ, ಎದುರು ದಡದಲ್ಲಿ ಹಡಗು ದುರಸ್ತಿಯ ಕಟ್ಟೆಗಳಿವೆ. ನಮ್ಮ ಪಟಗಳನ್ನು ನೋಡಿ ಯಾರೂ ಹೊಟ್ಟೆಕಿಚ್ಚು ಪಡಲಾರರು. ಅದಕ್ಕೆ ನಾನು ಸಿದ್ಧನಾಗಿದ್ದೇನೆ.

ಏಳು ದಿನಗಳಲ್ಲಿ ಆರನ್ನು ಭಾವಮೈದುನನಿಗೆ ಬಿಟ್ಟುಕೊಟ್ಟಿದ್ದೇನೆ. ಒಂದು ದಿನ ಸಲಾಮಿಸಿಗೆ ಬೇಕು. ಹೊರಡುವ ಮುನ್ನ ಮನೆಯವರೆಲ್ಲ ಕುಳಿತು 'ಪಾರಸಿಕರು' ಓದಿ ಮುಗಿಸಬೇಕು. ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ ನನ್ನ ಟಿಕೆಟು ಬೇಡವೆಂದು ಹೇಳಿದ್ದೇನೆ. ಅಕ್ಕ ತಮ್ಮ ಇಬ್ಬರೂ ಇನ್ನೂ ಉತ್ತರ ಕೊಟ್ಟಿಲ್ಲ. ಮಗ ಮಾತ್ರ ಪುಸ್ತಕ ಎಲ್ಲಿದೆಯೆಂದು ಕೇಳಿದ.