ಪದವಿ ಬೇಡವೆನ್ನುವ ಮೊದಲು

ಪ್ರೋಗ್ರಾಮಿಂಗ್ ಕಲಿಯಲು ಕಾಲೇಜು ಬೇಕಿಲ್ಲ ಎಂಬ ಮಾತು ಉಡುಪಿ ಜಿಲ್ಲೆಯ ವಂಡ್ಸೆಯಂಥ ಊರುಗಳಲ್ಲೂ ಪಿಯುಸಿ ಮುಗಿಸಿದ ಮಕ್ಕಳ ಕಿವಿಗೆ ಬೀಳುತ್ತಿದೆ. ಮಾತು ಸುಳ್ಳಲ್ಲ. ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳನ್ನು ಮೊಬೈಲಿನಲ್ಲೇ ಪುಕ್ಕಟೆಯಾಗಿ ಕೇಳಬಹುದು. ಬರೆದ ಕೋಡ್ ಓಡುತ್ತದೋ ಇಲ್ಲವೋ ಎಂದು ನೋಡಲು ಯಾರ ಅಂಕಪಟ್ಟಿಯೂ ಬೇಡ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟದ್ದು ಕಂಪ್ಯೂಟರ್ ಸೈನ್ಸ್ ಪದವಿಯ ಬಲದಿಂದಲ್ಲ. ಆದರೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು ಎಂಬುದನ್ನೂ ಜತೆಗೇ ಹೇಳಬೇಕು. ಹಾರ್ವರ್ಡ್ ಬಿಟ್ಟ ಬಿಲ್ ಗೇಟ್ಸ್‌ಗೆ 1968ರಲ್ಲೇ ಶಾಲೆಯಲ್ಲಿ ಕಂಪ್ಯೂಟರ್ ಟರ್ಮಿನಲ್ ಸಿಕ್ಕಿತ್ತು. ಇಬ್ಬರಿಗೂ ಯಂತ್ರ ಕೈಗೆಟುಕುವಂತಿತ್ತು, ಸುತ್ತಮುತ್ತ ಅದೇ ಹುಚ್ಚಿನ ಜನರಿದ್ದರು. ಮಾರಣಕಟ್ಟೆ ಯಕ್ಷಗಾನ ಮೇಳದ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ: ಕೋಡಂಗಿ, ಬಾಲಗೋಪಾಲ ವೇಷಗಳಿಂದ ಮೇಲೆ ಬಂದ ಕಲಾವಿದನಿಗೆ ಸರ್ಟಿಫಿಕೇಟು ಇರಲಿಲ್ಲ, ಆದರೆ ರಾತ್ರಿಯಿಡೀ ಹೆಜ್ಜೆ ತಿದ್ದುವ ಹಿರಿಯರಿದ್ದರು. ಒಬ್ಬಂಟಿಯಾಗಿ ಮೊಬೈಲ್ ಹಿಡಿದು ಕೂತ ಮಗುವಿಗೆ ಆ ಮೇಳವೇ ಇಲ್ಲ.

ಇನ್ನು ಕೆಲಸದ ವಿಚಾರ. ಪದವಿ ಕಡ್ಡಾಯವಲ್ಲ ಎಂದು ದೊಡ್ಡ ಕಂಪನಿಗಳು ಸಾರಿದ್ದು ನಿಜ. ಅಮೆರಿಕದ ನೇಮಕಾತಿಗಳ ಬಗ್ಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಕೊಟ್ಟ ವರದಿ ಹೇಳುವುದೇ ಬೇರೆ: ಈ ಬದಲಾವಣೆಯಿಂದ ಅವಕಾಶ ಪಡೆದವರು 700 ನೇಮಕಾತಿಗೆ ಒಬ್ಬರೂ ಇಲ್ಲ. ಬೆಂಗಳೂರಿನಲ್ಲಿ ಗುರುತಿನವರಿದ್ದವರು ಪದವಿಯಿಲ್ಲದೆಯೂ ಸಂದರ್ಶನದವರೆಗೆ ಹೋದಾರು. ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಯ ಪರವಾಗಿ ಮಾತಾಡುವುದು ಆ ಪದವಿಪತ್ರ ಒಂದೇ. ಅದನ್ನು ಬಿಟ್ಟುಬಿಡು ಎಂದು ಅವಳಿಗೆ ಬುದ್ಧಿ ಹೇಳುವುದು ಅನ್ಯಾಯ.

ಪಠ್ಯಕ್ರಮ ಹಳತು, ಶುಲ್ಕ ಲಕ್ಷಗಟ್ಟಲೆ, ನಾಲ್ಕು ವರ್ಷ ವ್ಯರ್ಥ ಎಂಬ ಆಕ್ಷೇಪವಿದೆ. ಖಾಸಗಿ ಎಂಜಿನಿಯರಿಂಗ್ ಸೀಟಿಗಾಗಿ ಸಾಲ ಮಾಡುವ ಮನೆಗಳ ಮಟ್ಟಿಗೆ ಇದು ಗಂಭೀರವಾದ ಮಾತೇ. ಆದರೆ ಪದವಿಯೆಂದರೆ ಬಿ.ಇ. ಮಾತ್ರವಲ್ಲ, ಬಿಸಿಎ, ಬಿ.ಎಸ್‌ಸಿ. ಇವೆ, ಮೂರು ವರ್ಷದ ಆ ಓದಿನ ಪಕ್ಕದಲ್ಲೇ ಸ್ವಂತ ಕಲಿಕೆಗೂ ಜಾಗವಿದೆ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್‌ಗಳಂಥ ಬೇಸರದ ವಿಷಯಗಳನ್ನು ಯಾರಾದರೂ ಕೂರಿಸಿ ಓದಿಸದಿದ್ದರೆ ಹೆಚ್ಚಿನವರು ಹಾರಿಸಿಬಿಡುತ್ತಾರೆ ಎಂಬುದನ್ನೂ ಮರೆಯಬಾರದು.

ಬದಲಾಗಬೇಕಾದವರು ಮಕ್ಕಳಲ್ಲ, ಬಾಗಿಲು ಕಾಯುವವರು. ತಮಿಳುನಾಡಿನ ಜೋಹೊ ಕಂಪನಿ ಶಾಲೆ ಮುಗಿಸಿದವರನ್ನು ಸೇರಿಸಿಕೊಂಡು, ಸ್ಟೈಪೆಂಡ್ ಕೊಟ್ಟು ಕಲಿಸಿ ಕೆಲಸಕ್ಕಿಡುತ್ತದೆ. ವಲಸೆ ಕಾನೂನಿನ 2023ರ ತಿದ್ದುಪಡಿಯ ಬಳಿಕ ಜರ್ಮನಿ, ಪದವಿಯಿಲ್ಲದ ಐಟಿ ನೌಕರರಿಗೂ ಅನುಭವದ ಆಧಾರದಲ್ಲಿ ಬ್ಲೂ ಕಾರ್ಡ್ ಎಂಬ ವಾಸ ಮತ್ತು ಉದ್ಯೋಗದ ಪರವಾನಗಿ ಕೊಡುತ್ತಿದೆ. 1996ರಲ್ಲೇ ರೋಬೋಸಾಫ್ಟ್‌ನಂಥ ಸಾಫ್ಟ್‌ವೇರ್ ಸಂಸ್ಥೆ ಹುಟ್ಟಿದ ಉಡುಪಿ ಜಿಲ್ಲೆಯಲ್ಲಿ ಇಂಥದ್ದೊಂದು ದಾರಿ ತೆರೆಯುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ ಬೈಂದೂರು, ಶಂಕರನಾರಾಯಣಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಒಂದು ಕೆಲಸ ಮಾಡಬಹುದು: ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕದೆ, ಪಿಯುಸಿಗೇ ಓದು ನಿಲ್ಲಿಸಿದವರಿಗೂ ಅಲ್ಲಿ ಕೂತು ಕಲಿಯಲು ಬಿಡುವುದು.